ಆನ್‌ಲೈನ್ ನರ್ಸಿಂಗ್ ಸ್ನಾತಕೋತ್ತರ ಶಿಕ್ಷಣ: ಓದಿನ ಹೊರೆ ಮತ್ತು ಕೆಲಸದ ದಾರಿ – ಪದೇ ಪದೇ ಕೇಳುವ ಪ್ರಶ್ನೆಗಳು

ಉತ್ತರ ಕನ್ನಡ ಜಿಲ್ಲೆಯ ಕಾರವಾರ, ಅಂಕೋಲಾ, ಕುಮಟಾ, ಶಿರಸಿ, ಸಿದ್ದಾಪುರ ಕಡೆಯ ಆಸ್ಪತ್ರೆಗಳಲ್ಲಿ ಕೆಲವು ವರ್ಷ ದುಡಿದ ನರ್ಸ್‌ಗಳಲ್ಲಿ ಹಲವರಿಗೆ ಪಾಠ ಹೇಳುವ ಕೆಲಸಕ್ಕೆ ಹೋಗಬೇಕೆಂಬ ಆಸೆ ಇರುತ್ತದೆ. ಎಂ.ಎಸ್ಸಿ. ಓದಲು ನಮ್ಮ ಕಡೆಯವರು ಹೆಚ್ಚಾಗಿ ಮಂಗಳೂರು, ಮಣಿಪಾಲ, ಹುಬ್ಬಳ್ಳಿ–ಧಾರವಾಡ ಇಲ್ಲವೇ ಬೆಳಗಾವಿಗೆ ಹೋಗುತ್ತಾರೆ. ಮನೆ, ಮಕ್ಕಳು, ಸಂಬಳ ಎಲ್ಲವೂ ಇಲ್ಲೇ ಇರುವವರಿಗೆ ‘ಮನೆಯಲ್ಲೇ ಕುಳಿತು ನರ್ಸಿಂಗ್ ಸ್ನಾತಕೋತ್ತರ ಪದವಿ’ ಎಂಬ ಜಾಹೀರಾತು ಮೊಬೈಲಿನಲ್ಲಿ ಕಂಡೊಡನೆ ಮನಸ್ಸು ಅತ್ತ ಹರಿಯುವುದು ಸಹಜ. ಅಂಥವರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಎಲ್ಲಿ ಪಾಠ ಮಾಡಬೇಕೆಂದಿದ್ದೀರಿ ಎಂಬುದನ್ನು ಮೊದಲು ನಿರ್ಧರಿಸಿಕೊಂಡು ಓದಿದರೆ ಈ ಉತ್ತರಗಳಿಂದ ಹೆಚ್ಚು ಪ್ರಯೋಜನವಾದೀತು, ಏಕೆಂದರೆ ಒಂದೇ ಪದವಿಗೆ ಒಂದು ದೇಶದಲ್ಲಿ ಪೂರ್ಣ ಬೆಲೆ, ಇನ್ನೊಂದು ದೇಶದಲ್ಲಿ ಸೊನ್ನೆ ಎಂಬಂಥ ಕ್ಷೇತ್ರ ಇದು.

‘ನರ್ಸಿಂಗ್ ಎಜುಕೇಶನ್’ ಎಂಬ ಸ್ನಾತಕೋತ್ತರ ಪದವಿಗೂ ನಮ್ಮ ಎಂ.ಎಸ್ಸಿ. ನರ್ಸಿಂಗ್‌ಗೂ ಏನು ವ್ಯತ್ಯಾಸ?

ಅಮೆರಿಕದಲ್ಲಿ ಎಂ.ಎಸ್.ಎನ್., ಅಂದರೆ ಅಲ್ಲಿನ ನರ್ಸಿಂಗ್ ಸ್ನಾತಕೋತ್ತರ, ಪದವಿಯೊಳಗೆ ‘ನರ್ಸಿಂಗ್ ಎಜುಕೇಶನ್’ ಒಂದು ಪ್ರತ್ಯೇಕ ವಿಭಾಗ. ನರ್ಸಿಂಗ್ ವಿದ್ಯಾರ್ಥಿಗಳಿಗೆ ಕಲಿಸುವವರನ್ನು, ಆಸ್ಪತ್ರೆಯ ಸಿಬ್ಬಂದಿಗೆ ತರಬೇತಿ ಕೊಡುವವರನ್ನು ತಯಾರು ಮಾಡುವುದೇ ಅದರ ಉದ್ದೇಶ. ಪಠ್ಯಕ್ರಮ ರಚನೆ, ಬೋಧನಾ ವಿಧಾನ, ಪರೀಕ್ಷೆ ಮತ್ತು ಮೌಲ್ಯಮಾಪನ ಅದರ ತಿರುಳು. ಅದರ ಜೊತೆಗೆ ಉನ್ನತ ಮಟ್ಟದ ರೋಗಶರೀರಶಾಸ್ತ್ರ, ಔಷಧಶಾಸ್ತ್ರ ಮತ್ತು ದೈಹಿಕ ತಪಾಸಣೆಯನ್ನೂ ಓದಬೇಕು.

ನಮ್ಮಲ್ಲಿ ಹಾಗೆ ಪ್ರತ್ಯೇಕ ವಿಭಾಗವಿಲ್ಲ. ಭಾರತೀಯ ಶುಶ್ರೂಷಾ ಪರಿಷತ್ತು, ಅಂದರೆ ನಾವು ಐಎನ್‌ಸಿ ಎನ್ನುವ ಸಂಸ್ಥೆ, ರೂಪಿಸಿದ ಎರಡು ವರ್ಷದ ಎಂ.ಎಸ್ಸಿ. ಪಠ್ಯಕ್ರಮದಲ್ಲಿ ನರ್ಸಿಂಗ್ ಎಜುಕೇಶನ್ ಮೊದಲ ವರ್ಷದ ಒಂದು ಕಡ್ಡಾಯ ವಿಷಯ. ಬಹುಕಾಲದಿಂದ ನಡೆದುಬಂದ ಆ ಪಠ್ಯಕ್ರಮದಲ್ಲಿ ಅದಕ್ಕೆ 150 ಗಂಟೆ ಪಾಠ, 150 ಗಂಟೆ ಪ್ರಾಯೋಗಿಕ ತರಬೇತಿ ಇಟ್ಟಿದ್ದಾರೆ. ವಿದ್ಯಾರ್ಥಿ ಆರಿಸಿಕೊಳ್ಳುವ ವಿಭಾಗ ಮಾತ್ರ ಮೆಡಿಕಲ್–ಸರ್ಜಿಕಲ್, ಮಕ್ಕಳ ಶುಶ್ರೂಷೆ, ಹೆರಿಗೆ ಮತ್ತು ಸ್ತ್ರೀರೋಗ, ಮನೋರೋಗ ಅಥವಾ ಸಮುದಾಯ ಆರೋಗ್ಯ ಈ ಐದರಲ್ಲಿ ಒಂದು. ಹೀಗಾಗಿ ನಮ್ಮಲ್ಲಿ ಯಾವ ವಿಭಾಗದ ಎಂ.ಎಸ್ಸಿ. ಮಾಡಿದರೂ ಬೋಧಕರಾಗಲು ಅರ್ಹತೆ ಬರುತ್ತದೆ. ಅದಕ್ಕೆಂದೇ ಇನ್ನೊಂದು ಪದವಿ ಹುಡುಕಬೇಕಾದ ಅಗತ್ಯವಿಲ್ಲ.

ಭಾರತದ ಯಾವುದಾದರೂ ವಿಶ್ವವಿದ್ಯಾಲಯದಿಂದ ಎಂ.ಎಸ್ಸಿ. ನರ್ಸಿಂಗ್ ಅನ್ನು ಆನ್‌ಲೈನ್ ಅಥವಾ ದೂರಶಿಕ್ಷಣದಲ್ಲಿ ಮಾಡಬಹುದೇ?

ಇಲ್ಲ. ಮುಕ್ತ, ದೂರ ಮತ್ತು ಆನ್‌ಲೈನ್ ಶಿಕ್ಷಣದ ಬಗ್ಗೆ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2020ರಲ್ಲಿ ಹೊರಡಿಸಿದ ನಿಯಮಾವಳಿಯ ಪ್ರಕಾರ ಆ ಮಾದರಿಯಲ್ಲಿ ನಡೆಸಬಾರದ ಕೋರ್ಸುಗಳ ಪಟ್ಟಿಯಲ್ಲಿ ವೈದ್ಯಕೀಯ, ದಂತವೈದ್ಯಕೀಯ, ಫಾರ್ಮಸಿ, ಫಿಸಿಯೋಥೆರಪಿಗಳ ಜೊತೆಗೆ ನರ್ಸಿಂಗ್ ಕೂಡ ಸೇರಿದೆ. ಐಎನ್‌ಸಿ ಲೆಕ್ಕದಲ್ಲಿಯೂ ಎಂ.ಎಸ್ಸಿ. ನರ್ಸಿಂಗ್ ಎಂದರೆ ಎರಡು ವರ್ಷ ಕಾಲೇಜಿಗೆ ಮತ್ತು ಆಸ್ಪತ್ರೆಗೆ ಹೋಗಿ ಮುಗಿಸುವ ಪೂರ್ಣಾವಧಿ ಕೋರ್ಸು. ಎರಡನೆಯ ವರ್ಷ ಆಯ್ದ ವಿಭಾಗದ ಪ್ರಾಯೋಗಿಕ ತರಬೇತಿಗೇ 950 ಗಂಟೆ ನಿಗದಿಯಾಗಿರುವಾಗ ಅದನ್ನು ಪರದೆಯ ಮುಂದೆ ಕುಳಿತು ಮುಗಿಸುವ ಮಾತು ಬರುವುದೇ ಇಲ್ಲ.

ಹಾಗಾದರೆ ಇಗ್ನೋದಲ್ಲಿ ನರ್ಸಿಂಗ್ ಇದೆ ಎನ್ನುತ್ತಾರಲ್ಲ?

ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ, ಅಂದರೆ ಇಗ್ನೋದ, ಹೆಸರು ಕೇಳಿಬರುವುದು ಪೋಸ್ಟ್ ಬೇಸಿಕ್ ಬಿ.ಎಸ್ಸಿ. ನರ್ಸಿಂಗ್ ಕಾರಣಕ್ಕೆ. ಜಿಎನ್‌ಎಂ ಎಂಬ ನರ್ಸಿಂಗ್ ಡಿಪ್ಲೊಮಾ ಮುಗಿಸಿ ಸೇವೆಯಲ್ಲಿರುವವರಿಗಾಗಿ 1990ರ ದಶಕದಲ್ಲಿ ಆರಂಭವಾದ ಕಾರ್ಯಕ್ರಮ ಅದು; ಸ್ನಾತಕ ಮಟ್ಟದ್ದು. ಅದನ್ನೇ ‘ಇಗ್ನೋ ಎಂ.ಎಸ್ಸಿ.’ ಎಂದು ಹೇಳುವವರಿದ್ದಾರೆ, ಅದು ತಪ್ಪು. ಇಗ್ನೋ ಮೂಲಕ ನಡೆಯುವ ಸಮುದಾಯ ಆರೋಗ್ಯದ ಆರು ತಿಂಗಳ ಸರ್ಟಿಫಿಕೇಟ್ ಕೋರ್ಸನ್ನು ಮಾಡಿ ಉಪಕೇಂದ್ರಗಳಲ್ಲಿ ಸಮುದಾಯ ಆರೋಗ್ಯಾಧಿಕಾರಿಗಳಾದವರು, ಅಂದರೆ ಸಿಎಚ್‌ಒಗಳು, ಇದ್ದಾರೆ. ಅದು ಒಳ್ಳೆಯ ದಾರಿಯೇ, ಆದರೆ ಬೋಧನೆಯ ದಾರಿಯಲ್ಲ.

‘ಕೆಲಸ ಬಿಡಬೇಕಿಲ್ಲ, ಹಾಜರಿ ಬೇಕಿಲ್ಲ, ಒಂದೇ ವರ್ಷದಲ್ಲಿ ಎಂ.ಎಸ್ಸಿ. ನರ್ಸಿಂಗ್’ ಎಂದು ಏಜೆಂಟರು ಹೇಳುತ್ತಾರೆ. ನಂಬಬಹುದೇ?

ನಂಬಬೇಡಿ. ಇದಕ್ಕಿಂತ ಉದ್ದದ ಉತ್ತರ ಬೇಕಿಲ್ಲ. ಆದರೂ ಪರಿಶೀಲಿಸುವ ಕ್ರಮ ಹೇಳುತ್ತೇವೆ. ಕರ್ನಾಟಕದ ಕಾಲೇಜಾದರೆ ಅದು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ್ದೋ ಅಥವಾ ಸ್ವತಃ ಡೀಮ್ಡ್ ವಿಶ್ವವಿದ್ಯಾಲಯದ ಅಂಗವೋ ನೋಡಿ. ನಿಮಗೆ ಬೇಕಾದ ವಿಭಾಗಕ್ಕೆ, ನೀವು ಸೇರುವ ವರ್ಷಕ್ಕೆ ಮಾನ್ಯತೆ ಇದೆಯೇ ಎಂಬುದನ್ನು ಐಎನ್‌ಸಿ ಜಾಲತಾಣದಲ್ಲಿಯೂ ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನಲ್ಲಿಯೂ ಖಚಿತಪಡಿಸಿಕೊಳ್ಳಿ. ಕಾಲೇಜಿಗೆ ಬಿ.ಎಸ್ಸಿ. ಮಾನ್ಯತೆ ಇದ್ದ ಮಾತ್ರಕ್ಕೆ ಎಂ.ಎಸ್ಸಿ. ಮಾನ್ಯತೆಯೂ ಇದೆ ಎಂದು ಭಾವಿಸುವಂತಿಲ್ಲ. ಮುಂಗಡ ಹಣವನ್ನು ವ್ಯಕ್ತಿಯ ಖಾತೆಗೆ ಹಾಕಿಸಿಕೊಳ್ಳುವವರಿಂದ ದೂರವಿರಿ.

ಕಾರವಾರದಲ್ಲಿ ಕುಳಿತು ಅಮೆರಿಕದ ಆನ್‌ಲೈನ್ ಎಂ.ಎಸ್.ಎನ್. ಮಾಡಲು ಸಾಧ್ಯವೇ?

ತಾಂತ್ರಿಕವಾಗಿ ತೊಂದರೆ ಕಡಿಮೆ, ಆದರೆ ಅರ್ಹತೆಯಲ್ಲಿ ಸಿಕ್ಕಿಕೊಳ್ಳುತ್ತೀರಿ. ಅಲ್ಲಿನ ಬಹುತೇಕ ಆನ್‌ಲೈನ್ ಎಂ.ಎಸ್.ಎನ್. ಕಾರ್ಯಕ್ರಮಗಳು ಅಮೆರಿಕದ ಚಾಲ್ತಿಯಲ್ಲಿರುವ ಆರ್‌ಎನ್ (ನೋಂದಾಯಿತ ನರ್ಸ್) ಪರವಾನಗಿಯನ್ನು ಕೇಳುತ್ತವೆ. ಅದಕ್ಕೆ ಅಲ್ಲಿನ ಪರವಾನಗಿ ಪರೀಕ್ಷೆಯಾದ ಎನ್‌ಕ್ಲೆಕ್ಸ್ ಪಾಸಾಗಿ ಒಂದು ರಾಜ್ಯದ ನರ್ಸಿಂಗ್ ಮಂಡಳಿಯಲ್ಲಿ ನೋಂದಣಿಯಾಗಿರಬೇಕು. ಎನ್‌ಕ್ಲೆಕ್ಸ್ ಪಾಸಾಗಿಯೂ ವೀಸಾಕ್ಕಾಗಿ ವರ್ಷಗಟ್ಟಲೆ ಊರಿನಲ್ಲಿಯೇ ಕಾಯುತ್ತಿರುವವರು ನಮ್ಮಲ್ಲಿ ಇದ್ದಾರೆ. ಈ ಪ್ರಶ್ನೆ ನಿಜಕ್ಕೂ ಅನ್ವಯಿಸುವುದು ಅವರಿಗೆ. ಅವರು ಕೂಡ ಅರ್ಜಿ ಹಾಕುವ ಮೊದಲು, ಅಮೆರಿಕದ ಹೊರಗೆ ವಾಸಿಸುವ ವಿದ್ಯಾರ್ಥಿಗೆ ಪ್ರವೇಶ ಇದೆಯೇ, ಪ್ರಾಕ್ಟಿಕಮ್ ಎಂಬ ಬೋಧನಾ ತರಬೇತಿಯನ್ನು ಭಾರತದ ಕಾಲೇಜಿನಲ್ಲಿ ಮಾಡಲು ಒಪ್ಪುತ್ತಾರೆಯೇ ಎಂಬ ಎರಡು ವಿಷಯಗಳನ್ನು ಬರವಣಿಗೆಯಲ್ಲಿ ಪಡೆಯಬೇಕು.

ಇನ್ನೊಂದು ಭ್ರಮೆಯೂ ಇದೆ: ಆನ್‌ಲೈನ್ ಪದವಿಗೆ ಸೇರಿದರೆ ವಿದ್ಯಾರ್ಥಿ ವೀಸಾ ಸಿಗುತ್ತದೆ ಎಂಬುದು. ಸಿಗುವುದಿಲ್ಲ. ಎಫ್–1 ಎಂಬ ವಿದ್ಯಾರ್ಥಿ ವೀಸಾದವರು ಪೂರ್ಣಾವಧಿ ಓದಿನ ಲೆಕ್ಕಕ್ಕೆ ಒಂದು ಅವಧಿಯಲ್ಲಿ ಒಂದೇ ಆನ್‌ಲೈನ್ ಕೋರ್ಸನ್ನು ಹಿಡಿಯಬಹುದು. ನರ್ಸ್‌ಗಳು ಸಾಮಾನ್ಯವಾಗಿ ಅಲ್ಲಿಗೆ ಹೋಗುವುದು ಆಸ್ಪತ್ರೆಯೊಂದು ಪ್ರಾಯೋಜಿಸುವ ಇಬಿ–3 ವಲಸೆ ವೀಸಾದ ಮೂಲಕ, ವಿದೇಶಿ ನರ್ಸ್‌ಗಳ ಅರ್ಹತೆ ಪರಿಶೀಲಿಸಿ ಕೊಡುವ ವೀಸಾಸ್ಕ್ರೀನ್ ಪ್ರಮಾಣಪತ್ರದೊಂದಿಗೆ. ಎಂ.ಎಸ್.ಎನ್. ಅದಕ್ಕೆ ಬೇಕಿಲ್ಲ.

ಅಮೆರಿಕದ ಆನ್‌ಲೈನ್ ಎಂ.ಎಸ್.ಎನ್. ಇಟ್ಟುಕೊಂಡು ಊರಿಗೆ ಮರಳಿದರೆ ಇಲ್ಲಿನ ನರ್ಸಿಂಗ್ ಕಾಲೇಜಿನಲ್ಲಿ ಬೋಧಕರಾಗಬಹುದೇ?

ಇದನ್ನು ನಂಬಿಕೊಂಡು ಹಣ ಕಟ್ಟಬೇಡಿ ಎಂಬುದೇ ನಮ್ಮ ಸಲಹೆ. ವಿದೇಶಿ ಪದವಿಗಳಿಗೆ ಸಮಾನತೆ ನೀಡುವ ಬಗ್ಗೆ ಯುಜಿಸಿ 2025ರಲ್ಲಿ ಹೊಸ ನಿಯಮಾವಳಿ ತಂದಿತು. ವೈದ್ಯಕೀಯ, ಫಾರ್ಮಸಿ, ಕಾನೂನುಗಳಂತೆ ನರ್ಸಿಂಗ್ ಅನ್ನೂ ಅದರ ಹೊರಗಿಟ್ಟಿದೆ, ಏಕೆಂದರೆ ಇವುಗಳನ್ನು ಆಯಾ ಶಾಸನಬದ್ಧ ಪರಿಷತ್ತುಗಳೇ ನೋಡಿಕೊಳ್ಳಬೇಕು. ಆದ್ದರಿಂದ ತೀರ್ಮಾನ ನರ್ಸಿಂಗ್ ಪರಿಷತ್ತಿನದು. ದೇಶದೊಳಗೇ ದೂರಶಿಕ್ಷಣದ ನರ್ಸಿಂಗ್ ಸ್ನಾತಕೋತ್ತರ ಪದವಿಗೆ ಅವಕಾಶವಿಲ್ಲದಿರುವಾಗ, ವಿದೇಶದ ಆನ್‌ಲೈನ್ ಪದವಿಯ ಬಲದಿಂದ ಬೋಧಕರ ಪಟ್ಟಿಯಲ್ಲಿ ಹೆಸರು ಸೇರಿಸುವುದು ಬಹಳ ಕಷ್ಟ. ಕಾಲೇಜಿನ ಆಡಳಿತ ಮಂಡಳಿ ‘ಪರವಾಗಿಲ್ಲ, ಬನ್ನಿ’ ಎಂದರೂ ಮುಂದೆ ತಪಾಸಣೆಗೆ ಬಂದವರು ನಿಮ್ಮ ಕಡತವನ್ನು ಬದಿಗಿಟ್ಟರೆ ಕಾಲೇಜಿಗೆ ಒಬ್ಬ ಬೋಧಕರ ಕೊರತೆಯಾಗುತ್ತದೆ, ನಿಮಗೆ ಅಷ್ಟು ವರ್ಷಗಳ ಬೋಧನಾನುಭವ ಲೆಕ್ಕಕ್ಕಿಲ್ಲದಂತಾಗುತ್ತದೆ.

ಆನ್‌ಲೈನ್ ಎಂ.ಎಸ್.ಎನ್.ಗೆ ವಾರಕ್ಕೆ ಎಷ್ಟು ಗಂಟೆ ಓದಬೇಕು?

ಅಲ್ಲಿನ ಓದನ್ನು ಕ್ರೆಡಿಟ್‌ಗಳಲ್ಲಿ ಅಳೆಯುತ್ತಾರೆ. ಒಂದು ಕ್ರೆಡಿಟ್ ಎಂದರೆ ಸುಮಾರು 15 ವಾರಗಳ ಕಾಲ ವಾರಕ್ಕೆ ಒಂದು ಗಂಟೆ ಪಾಠ, ಅದರ ಮೇಲೆ ಕನಿಷ್ಠ ಎರಡು ಗಂಟೆ ಸ್ವಂತ ಓದು ಎಂಬುದು ಅಲ್ಲಿನ ಒಕ್ಕೂಟ ಸರ್ಕಾರದ ವ್ಯಾಖ್ಯೆ. ಅಂದರೆ ಒಂದು ಕ್ರೆಡಿಟ್‌ಗೆ 45 ಗಂಟೆ. ನರ್ಸಿಂಗ್ ಎಜುಕೇಶನ್ ಪದವಿಗೆ ಸಾಮಾನ್ಯವಾಗಿ 30ರಿಂದ 40ರವರೆಗೆ ಕ್ರೆಡಿಟ್‌ಗಳಿರುತ್ತವೆ. 36 ಎಂದು ಹಿಡಿದರೆ ಒಟ್ಟು 1,620 ಗಂಟೆ. ಎರಡು ವರ್ಷಕ್ಕೆ ಹಂಚಿದರೆ, ಒಂದು ವಾರವೂ ರಜೆ ತೆಗೆದುಕೊಳ್ಳದೆ ಓದಿದರೂ, ವಾರಕ್ಕೆ 15 ಗಂಟೆಗಿಂತ ಹೆಚ್ಚಾಯಿತು.

ಜಾಹೀರಾತಿನಲ್ಲಿ ‘ಒಂದು ಸಲಕ್ಕೆ ಒಂದೇ ಕೋರ್ಸು’ ಎಂದು ಹಗುರವಾಗಿ ತೋರಿಸುವುದುಂಟು. ಆ ಒಂದು ಕೋರ್ಸು ಎಂಟೇ ವಾರದ್ದಾದರೆ ಲೆಕ್ಕ ಬೇರೆಯಾಗುತ್ತದೆ: ಮೂರು ಕ್ರೆಡಿಟ್‌ಗೆ 135 ಗಂಟೆ, ಎಂಟು ವಾರಕ್ಕೆ ಹಂಚಿದರೆ ವಾರಕ್ಕೆ ಸುಮಾರು 17 ಗಂಟೆ. ದಿನಕ್ಕೆ ಎಂಟು ಗಂಟೆಯ ಶಿಫ್ಟ್ ಮುಗಿಸಿ ಬಂದವರಿಗೆ ಇದು ಇನ್ನೆರಡು ದಿನದ ಡ್ಯೂಟಿ ಸೇರಿದ ಹಾಗೆ.

ಗಂಟೆಗಳ ಎಣಿಕೆಯಲ್ಲಿ ಕಾಣದ ಭಾರವೂ ಇದೆ. ಪ್ರತಿ ವಾರ ಚರ್ಚಾ ಫಲಕದಲ್ಲಿ ಒಂದು ಸ್ವಂತ ಬರಹವನ್ನು ವಾರದ ನಡುವೆ ಹಾಕಬೇಕು, ವಾರಾಂತ್ಯದೊಳಗೆ ಸಹಪಾಠಿಗಳ ಬರಹಗಳಿಗೆ ಆಧಾರಸಹಿತ ಪ್ರತಿಕ್ರಿಯೆ ಬರೆಯಬೇಕು, ಎಲ್ಲವೂ ಆಧಾರಗಳನ್ನು ನಮೂದಿಸುವ ಎಪಿಎ ಶೈಲಿಯಲ್ಲಿರಬೇಕು. ಪರೀಕ್ಷೆಗೆ ಹಿಂದಿನ ವಾರ ಕುಳಿತು ಓದಿ ಪಾಸಾಗುವ ನಮ್ಮ ರೂಢಿ ಅಲ್ಲಿ ನಡೆಯುವುದಿಲ್ಲ. ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಮುಗಿಸಿ ನರ್ಸಿಂಗ್‌ಗೆ ಬಂದವರಿಗೆ ಮೊದಲ ಅವಧಿಯಲ್ಲಿ ವಿಷಯಕ್ಕಿಂತ ಇಂಗ್ಲಿಷ್ ಬರವಣಿಗೆಯೇ ಹೆಚ್ಚು ಸಮಯ ನುಂಗುತ್ತದೆ. ಮೇಲೆ ಹೇಳಿದ ಲೆಕ್ಕಕ್ಕೆ ಅಂಥವರು ಇನ್ನಷ್ಟು ಗಂಟೆ ಸೇರಿಸಿಕೊಳ್ಳುವುದು ಕ್ಷೇಮ.

ನೈಟ್ ಡ್ಯೂಟಿ ಮಾಡುತ್ತಾ ನಿಭಾಯಿಸಬಹುದೇ?

ನಿಭಾಯಿಸುವವರಿದ್ದಾರೆ. ಆದರೆ ಗಡಿಯಾರದ ಲೆಕ್ಕ ಮೊದಲೇ ಗೊತ್ತಿರಬೇಕು. ಅಮೆರಿಕದ ಪೂರ್ವ ಕರಾವಳಿಗಿಂತ ನಾವು ಬೇಸಿಗೆಯಲ್ಲಿ ಒಂಬತ್ತೂವರೆ ಗಂಟೆ, ಚಳಿಗಾಲದಲ್ಲಿ ಹತ್ತೂವರೆ ಗಂಟೆ ಮುಂದೆ ಇದ್ದೇವೆ. ಅಲ್ಲಿ ಸಂಜೆ 7 ಗಂಟೆಗೆ ನೇರ ತರಗತಿ ಇಟ್ಟರೆ ಇಲ್ಲಿ ಬೆಳಗಿನ ಜಾವ 4.30 ಅಥವಾ 5.30. ವಾರ್ಡಿನಲ್ಲಿ ಅದು ಬೆಳಗಿನ ಇಂಜೆಕ್ಷನ್, ಇಂಟೇಕ್–ಔಟ್‌ಪುಟ್ ಚಾರ್ಟ್, ರಕ್ತದ ಮಾದರಿ ಕಳಿಸುವ ಹೊತ್ತು. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಪಾಠ ಕೇಳುತ್ತೇನೆ ಎಂದುಕೊಳ್ಳುವುದು ರೋಗಿಗೂ ಒಳ್ಳೆಯದಲ್ಲ, ನಿಮ್ಮ ಕೆಲಸಕ್ಕೂ ಒಳ್ಳೆಯದಲ್ಲ. ಇನ್ನು ಭಾನುವಾರ ರಾತ್ರಿ 11.59ರ ಗಡುವು ಇಲ್ಲಿ ಬೇಸಿಗೆಯಲ್ಲಿ ಸೋಮವಾರ ಬೆಳಿಗ್ಗೆ 9.29ಕ್ಕೆ ಬೀಳುತ್ತದೆ. ಎಂಟು ಗಂಟೆಗೆ ಹ್ಯಾಂಡೋವರ್ ಕೊಟ್ಟು ಮನೆಗೆ ಬಂದು ಕಳಿಸಿದರಾಯಿತು ಎಂದು ಲೆಕ್ಕ ಹಾಕುವವರಿಗೆ ಒಂದು ದಿನ ರಿಲೀವರ್ ತಡವಾಗಿ ಬಂದರೆ ಸಾಕು. ಶನಿವಾರವೇ ಗಡುವು ಎಂದು ನೀವೇ ನಿಗದಿ ಮಾಡಿಕೊಳ್ಳಿ. ನೇರ ತರಗತಿಗಳಿಲ್ಲದೆ, ನಿಮ್ಮ ಸಮಯಕ್ಕೆ ಪಾಠ ನೋಡುವ ವ್ಯವಸ್ಥೆ ಇರುವ ಕಾರ್ಯಕ್ರಮವನ್ನೇ ಆರಿಸಿ.

ಮಳೆಗಾಲದಲ್ಲಿ ಕರೆಂಟೂ ಇರುವುದಿಲ್ಲ, ನೆಟ್‌ವರ್ಕೂ ಇರುವುದಿಲ್ಲ. ಏನು ಮಾಡುವುದು?

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟದ ಮೇಲಿನ ಹಳ್ಳಿಗಳಲ್ಲಿ, ಮರ ಬಿದ್ದು ತಂತಿ ಹರಿದರೆ ದಿನಗಟ್ಟಲೆ ವಿದ್ಯುತ್ ಇಲ್ಲದಿರುವುದು ನಮಗೆ ಹೊಸದೇನಲ್ಲ. ಟವರಿನ ಬ್ಯಾಟರಿ ಮುಗಿದರೆ ಮೊಬೈಲೂ ಸತ್ತ ಹಾಗೆಯೇ. ಅಮೆರಿಕದ ಅಧ್ಯಾಪಕರಿಗೆ ಇದನ್ನು ಅವಧಿಯ ಮೊದಲ ವಾರವೇ ಇಮೇಲ್‌ನಲ್ಲಿ ತಿಳಿಸಿಡಿ. ಗಡುವು ಮುಗಿದ ಮೇಲೆ ಹೇಳಿದರೆ ಅದು ನೆಪದಂತೆ ಕೇಳಿಸುತ್ತದೆ. ಪಾಠಗಳನ್ನು ಮೊದಲೇ ಇಳಿಸಿಟ್ಟುಕೊಳ್ಳಿ. ಮೇಲ್ವಿಚಾರಣೆಯ ಆನ್‌ಲೈನ್ ಪರೀಕ್ಷೆಗಳನ್ನು ಮಾತ್ರ ಮನೆಯಿಂದ ಬರೆಯುವ ಸಾಹಸ ಬೇಡ. ಕ್ಯಾಮೆರಾ ಎರಡು ನಿಮಿಷ ಕಡಿದುಹೋದರೂ ಪರೀಕ್ಷೆ ರದ್ದಾಗಬಹುದು. ಶಿರಸಿ, ಕುಮಟಾ ಅಥವಾ ಕಾರವಾರ ಪೇಟೆಯಲ್ಲಿ ಫೈಬರ್ ಸಂಪರ್ಕ ಮತ್ತು ಇನ್ವರ್ಟರ್ ಎರಡೂ ಇರುವ ನೆಂಟರ ಮನೆಯನ್ನು ಆ ದಿನಕ್ಕೆ ಕೇಳಿಟ್ಟುಕೊಳ್ಳುವುದು ಲೇಸು.

ಪ್ರಾಕ್ಟಿಕಮ್ ಎಂದರೇನು? ಅದೂ ಆನ್‌ಲೈನೇ?

ಪ್ರಾಕ್ಟಿಕಮ್ ಎಂದರೆ ಅನುಭವಿ ಬೋಧಕರೊಬ್ಬರ ಜೊತೆಯಲ್ಲಿದ್ದು ನಿಜವಾದ ವಿದ್ಯಾರ್ಥಿಗಳಿಗೆ ಕಲಿಸುವ ತರಬೇತಿ. ಪಾಠ ಯೋಜನೆ ಬರೆಯುವುದು, ತರಗತಿ ತೆಗೆದುಕೊಳ್ಳುವುದು, ವಾರ್ಡಿನಲ್ಲಿ ವಿದ್ಯಾರ್ಥಿಗಳ ತಂಡವನ್ನು ನೋಡಿಕೊಳ್ಳುವುದು, ಪ್ರಶ್ನೆಗಳನ್ನು ರಚಿಸಿ ಉತ್ತರಗಳನ್ನು ವಿಶ್ಲೇಷಿಸುವುದು ಎಲ್ಲ ಅದರಲ್ಲಿ ಬರುತ್ತದೆ. ಬಹಳಷ್ಟು ಕಾರ್ಯಕ್ರಮಗಳಲ್ಲಿ ಆ ಮಾರ್ಗದರ್ಶಕರನ್ನು, ಅಂದರೆ ಪ್ರಿಸೆಪ್ಟರನ್ನು, ವಿದ್ಯಾರ್ಥಿಯೇ ಹುಡುಕಿಕೊಳ್ಳಬೇಕು. ಪದವಿ ತಡವಾಗುವುದು ಹೆಚ್ಚಾಗಿ ಇಲ್ಲಿಯೇ. ಮಾರ್ಗದರ್ಶಕರಿಗೆ ಕನಿಷ್ಠ ಸ್ನಾತಕೋತ್ತರ ಪದವಿ ಇರಬೇಕು, ಅವರ ಸಂಸ್ಥೆಗೂ ನಿಮ್ಮ ವಿಶ್ವವಿದ್ಯಾಲಯಕ್ಕೂ ಒಪ್ಪಂದಕ್ಕೆ ಸಹಿಯಾಗಬೇಕು; ಆ ಕಾಗದಪತ್ರಗಳಿಗೇ ತಿಂಗಳುಗಳು ಹಿಡಿಯುತ್ತವೆ. ಪ್ರಾಕ್ಟಿಕಮ್ ಬರುವ ಅವಧಿಗೆ ಆರು ತಿಂಗಳು ಮೊದಲೇ ಹುಡುಕಾಟ ಶುರುಮಾಡಿ.

ಪ್ರಶ್ನೆ ರಚಿಸುವುದರ ಬಗ್ಗೆ ಒಂದು ಮಾತು. 2023ರ ಏಪ್ರಿಲ್‌ನಿಂದ ಎನ್‌ಕ್ಲೆಕ್ಸ್ ಪರೀಕ್ಷೆಯ ರೂಪ ಬದಲಾಗಿ, ರೋಗಿಯ ಸ್ಥಿತಿ ಗಂಟೆಗಂಟೆಗೆ ಬದಲಾಗುವುದನ್ನು ಓದಿ ತೀರ್ಮಾನ ತೆಗೆದುಕೊಳ್ಳುವ ಸಾಮರ್ಥ್ಯವನ್ನು ಅಳೆಯುವ ಪ್ರಶ್ನೆಗಳು ಬಂದಿವೆ. ಅಂಥ ಪ್ರಶ್ನೆ ರಚಿಸಬಲ್ಲ ಬೋಧಕರಿಗೆ ಅಲ್ಲಿ ಬೇಡಿಕೆ ಇದೆ. ವಾರ್ಡಿನಲ್ಲಿ ಹತ್ತು ವರ್ಷ ದುಡಿದವರಿಗೆ ಪುಸ್ತಕದ ಜಾಣರಿಗಿಂತ ಇದು ಚೆನ್ನಾಗಿ ಒಲಿಯುತ್ತದೆ.

ಇಲ್ಲಿನ ರೆಗ್ಯುಲರ್ ಎಂ.ಎಸ್ಸಿ.ಗೆ ಸೇರಬೇಕಾದರೆ ಅರ್ಹತೆ ಏನು? ಕೆಲಸ ಬಿಡಲೇಬೇಕೇ?

ಬಿ.ಎಸ್ಸಿ. ನರ್ಸಿಂಗ್ ಅಥವಾ ಪೋಸ್ಟ್ ಬೇಸಿಕ್ ಬಿ.ಎಸ್ಸಿ.ಯಲ್ಲಿ ಶೇ. 55 ಅಂಕ, ರಾಜ್ಯ ಪರಿಷತ್ತಿನ ನೋಂದಣಿ ಮತ್ತು ಒಂದು ವರ್ಷದ ಕೆಲಸದ ಅನುಭವ ಬೇಕು. ಬೇಸಿಕ್ ಬಿ.ಎಸ್ಸಿ.ಯವರಿಗೆ ಈ ಅನುಭವ ಪದವಿಯ ನಂತರದ್ದಾಗಿರಬೇಕು. ಪೋಸ್ಟ್ ಬೇಸಿಕ್‌ನವರಿಗೆ ಮೊದಲಿನದಾದರೂ ನಡೆಯುತ್ತದೆ. ಸರ್ಕಾರಿ ಸೀಟುಗಳಿಗಾಗಿ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಅಧಿಸೂಚನೆಯನ್ನು ಗಮನಿಸುತ್ತಿರಿ.

ಖಾಸಗಿ ಆಸ್ಪತ್ರೆಯಲ್ಲಿದ್ದರೆ ಕೆಲಸ ಬಿಡಲೇಬೇಕು. ಸರ್ಕಾರಿ ಸೇವೆಯಲ್ಲಿದ್ದರೆ ಇಲಾಖೆಯ ಮೂಲಕ ನಿಯೋಜನೆ ಅಥವಾ ಅಧ್ಯಯನ ರಜೆಗೆ ಅರ್ಜಿ ಹಾಕಬೇಕು. ಅನುಮತಿ ಪಡೆಯದೆ ಸೇರಿ ಆಮೇಲೆ ನೋಡೋಣ ಎನ್ನುವುದು ಸೇವಾ ಪುಸ್ತಕದಲ್ಲಿ ಕಲೆಯಾಗಿ ಉಳಿಯುತ್ತದೆ. ಹೆಸರಿಗೆ ಕಾಲೇಜು, ಹಾಜರಿ ಮಾತ್ರ ಆಸ್ಪತ್ರೆಯಲ್ಲಿ ಎಂಬ ಒಳದಾರಿಯನ್ನು ಕೆಲವರು ಸೂಚಿಸುತ್ತಾರೆ. ಒಂದೇ ಅವಧಿಗೆ ಎರಡು ಕಡೆ ಇದ್ದಂತೆ ದಾಖಲೆ ಸಿಕ್ಕರೆ ಪದವಿಗೂ ಅನುಭವ ಪತ್ರಕ್ಕೂ ಒಟ್ಟಿಗೇ ಕುತ್ತು. ಈಗ ನರ್ಸ್‌ಗಳ ರಾಷ್ಟ್ರೀಯ ನೋಂದಣಿ ವ್ಯವಸ್ಥೆಯಲ್ಲಿ ಪ್ರತಿಯೊಬ್ಬರಿಗೂ ಗುರುತಿನ ಸಂಖ್ಯೆ ಇರುವಾಗ ಇಂಥದ್ದು ಬಯಲಾಗುವುದು ಮೊದಲಿಗಿಂತ ಸುಲಭ.

ಎರಡು ವರ್ಷ ಸಂಬಳವಿಲ್ಲ ಎಂಬುದು ದೊಡ್ಡ ಪೆಟ್ಟು, ನಿಜ. ಆದರೂ ಕರ್ನಾಟಕದಲ್ಲಿಯೇ ಬೋಧಕರಾಗುವುದು ನಿಶ್ಚಿತವಾಗಿದ್ದರೆ ಆ ಎರಡು ವರ್ಷಕ್ಕೆ ಪರ್ಯಾಯವಿಲ್ಲ. ಅದನ್ನು ಉಳಿಸಲು ಹೋಗಿ ಮಾನ್ಯತೆ ಇಲ್ಲದ ಕಾಗದಕ್ಕೆ ದುಡ್ಡು ಸುರಿದರೆ ಸಂಬಳವೂ ಸಮಯವೂ ಎರಡೂ ಹೋದವು.

ಯಾವ ವಿಭಾಗ ಆರಿಸಿಕೊಳ್ಳಬೇಕು?

ಕೆಲಸದ ದೃಷ್ಟಿಯಿಂದ ಮೆಡಿಕಲ್–ಸರ್ಜಿಕಲ್ ವಿಭಾಗದವರಿಗೆ ಹುದ್ದೆಗಳು ಹೆಚ್ಚು, ಆ ಪದವೀಧರರೂ ಹೆಚ್ಚು. ಮನೋರೋಗ ಮತ್ತು ಸಮುದಾಯ ಆರೋಗ್ಯ ವಿಭಾಗದವರ ಸಂಖ್ಯೆ ಕಡಿಮೆ. ಆದರೆ ಪ್ರತಿ ಕಾಲೇಜಿಗೂ ಈ ಎಲ್ಲ ವಿಭಾಗಗಳ ಬೋಧಕರು ಬೇಕೇ ಬೇಕು.

ನಮ್ಮ ಜಿಲ್ಲೆಯವರಿಗೆ ಸಮುದಾಯ ಆರೋಗ್ಯ ವಿಭಾಗ ವಿಶೇಷವಾಗಿ ಒಪ್ಪುತ್ತದೆ ಎಂಬುದು ನಮ್ಮ ಅಭಿಪ್ರಾಯ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಇಂದಿಗೂ ಸಿದ್ದಾಪುರ, ಹೊನ್ನಾವರ ತಾಲ್ಲೂಕುಗಳ ಕಾಡಂಚಿನ ಮನೆಗಳನ್ನು ಕಾಡುತ್ತಿದೆ. ತರಗೆಲೆ ತರಲು ಕಾಡಿಗೆ ಹೋಗುವವರು ಉಣ್ಣಿ ಹತ್ತದಂತೆ ಮೈಗೆ ಎಣ್ಣೆ ಹಚ್ಚಿಕೊಳ್ಳುತ್ತಾರೆಯೇ, ಮರಳಿ ಬಂದು ಬಿಸಿನೀರಿನ ಸ್ನಾನ ಮಾಡುತ್ತಾರೆಯೇ, ಜ್ವರ ಬಂದ ಎಷ್ಟನೆಯ ದಿನಕ್ಕೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬರುತ್ತಾರೆ ಎಂಬುದೇ ಒಂದು ಒಳ್ಳೆಯ ಪ್ರಬಂಧದ ವಿಷಯ. ಮೀನುಗಾರ ಮಹಿಳೆಯರ ರಕ್ತದೊತ್ತಡ, ಅಡಿಕೆ ಸುಲಿಯುವವರ ಬೆನ್ನುನೋವು ಹೀಗೆ ಹುಡುಕಿದರೆ ವಿಷಯಕ್ಕೆ ಬರವಿಲ್ಲ. ‘ಆಯ್ದ ಕಾಲೇಜಿನ ವಿದ್ಯಾರ್ಥಿಗಳಲ್ಲಿ ತಿಳಿವಳಿಕೆಯ ಮಟ್ಟ’ ಎಂಬ ಹಳೇ ಮಾದರಿಯ ಪ್ರಬಂಧಗಳು ಗ್ರಂಥಾಲಯದಲ್ಲಿ ಸಾಕಷ್ಟು ತುಂಬಿವೆ.

ಕರ್ನಾಟಕದಲ್ಲಿ ಬೋಧಕರಿಗೆ ಕೆಲಸ ಹೇಗಿದೆ? ಸಂಬಳ?

ದೇಶದಲ್ಲಿ ಅತಿ ಹೆಚ್ಚು ನರ್ಸಿಂಗ್ ಕಾಲೇಜುಗಳಿರುವ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. 2023ರ ಏಪ್ರಿಲ್‌ನಲ್ಲಿ ಕೇಂದ್ರ ಸಚಿವ ಸಂಪುಟವು 2014ರ ನಂತರ ಸ್ಥಾಪನೆಯಾದ ವೈದ್ಯಕೀಯ ಕಾಲೇಜುಗಳ ಜೊತೆಯಲ್ಲಿ ದೇಶಾದ್ಯಂತ 157 ಹೊಸ ಸರ್ಕಾರಿ ನರ್ಸಿಂಗ್ ಕಾಲೇಜುಗಳನ್ನು 1,570 ಕೋಟಿ ರೂಪಾಯಿ ವೆಚ್ಚದಲ್ಲಿ ತೆರೆಯಲು ಒಪ್ಪಿಗೆ ಕೊಟ್ಟಿತು. ಬಿ.ಎಸ್ಸಿ. ನರ್ಸಿಂಗ್‌ಗೆ ಹತ್ತು ವಿದ್ಯಾರ್ಥಿಗಳಿಗೆ ಒಬ್ಬ ಬೋಧಕರಿರಬೇಕೆಂಬ ಐಎನ್‌ಸಿ ಮಾನದಂಡವನ್ನು ಇದಕ್ಕೆ ಸೇರಿಸಿ ನೋಡಿದರೆ ಅರ್ಹ ಎಂ.ಎಸ್ಸಿ.ಯವರಿಗೆ ಕೆಲಸ ಸಿಗುವುದು ಕಷ್ಟವಲ್ಲ.

ಕಷ್ಟವಿರುವುದು ಸಂಬಳದಲ್ಲಿ. ಸಣ್ಣ ಖಾಸಗಿ ಕಾಲೇಜುಗಳಲ್ಲಿ ಹೊಸ ಬೋಧಕರಿಗೆ ಸಿಗುವ ಸಂಬಳ ಖಾಯಂ ಸರ್ಕಾರಿ ಶುಶ್ರೂಷಾಧಿಕಾರಿಯ ಸಂಬಳಕ್ಕಿಂತ ಕಡಿಮೆ ಇರುವುದೇ ಹೆಚ್ಚು. ಖಾಯಂ ಸರ್ಕಾರಿ ಹುದ್ದೆಯಲ್ಲಿರುವವರು ಅದನ್ನು ಬಿಟ್ಟು ಖಾಸಗಿ ಕಾಲೇಜಿಗೆ ಹೋಗುವ ಮೊದಲು ಮನೆಯವರ ಜೊತೆ ಕುಳಿತು ಲೆಕ್ಕ ಹಾಕುವುದು ಒಳ್ಳೆಯದು. ಬಡ್ತಿಯ ಏಣಿಯೂ ಉದ್ದವಿದೆ: ಐಎನ್‌ಸಿ ಮಾನದಂಡದಂತೆ ಸಹಾಯಕ ಪ್ರಾಧ್ಯಾಪಕರಾಗಲು ಎಂ.ಎಸ್ಸಿ. ಜೊತೆಗೆ ಮೂರು ವರ್ಷ, ಸಹ ಪ್ರಾಧ್ಯಾಪಕರಾಗಲು ಎಂಟು ವರ್ಷ, ಪ್ರಾಂಶುಪಾಲರಾಗಲು 15 ವರ್ಷಗಳ ಅನುಭವ ಬೇಕು. ಸೇರುವಾಗ ಮೂಲ ಅಂಕಪಟ್ಟಿಗಳನ್ನು ಕಾಲೇಜಿನಲ್ಲಿ ಒತ್ತೆ ಇಟ್ಟಂತೆ ಬಿಟ್ಟು ಬರಬೇಡಿ. ಪರಿಶೀಲನೆಗೆ ತೋರಿಸಿ, ದೃಢೀಕೃತ ಪ್ರತಿ ಕೊಟ್ಟು, ಮೂಲವನ್ನು ಹಿಂದಕ್ಕೆ ಪಡೆಯಿರಿ.

ಎಂ.ಎಸ್ಸಿ. ಮಾಡದೆ ಪಾಠದ ಕೆಲಸ ಹೇಗಿರುತ್ತದೆಂದು ನೋಡಬಹುದೇ?

ನೋಡಬಹುದು, ನೋಡಲೇಬೇಕು. ಬಿ.ಎಸ್ಸಿ. ಅಥವಾ ಪೋಸ್ಟ್ ಬೇಸಿಕ್ ಮುಗಿಸಿ ಒಂದು ವರ್ಷದ ಅನುಭವವಿದ್ದವರನ್ನು ಟ್ಯೂಟರ್ ಅಥವಾ ಕ್ಲಿನಿಕಲ್ ಇನ್‌ಸ್ಟ್ರಕ್ಟರ್ ಆಗಿ ತೆಗೆದುಕೊಳ್ಳುತ್ತಾರೆ. ಒಂದು ವರ್ಷ ಆ ಕೆಲಸ ಮಾಡಿದರೆ, ಹದಿನೆಂಟು ವರ್ಷದ ಹುಡುಗಿಯೊಬ್ಬಳು ಮೊದಲ ಬಾರಿ ರೋಗಿಯ ಮೂಗಿನಿಂದ ಹೊಟ್ಟೆಗೆ ರೈಲ್ಸ್ ಟ್ಯೂಬ್ ಹಾಕುವಾಗ ಅವಳ ನಡುಗುವ ಕೈಯನ್ನೂ ರೋಗಿಯ ಮುಖವನ್ನೂ ಒಟ್ಟಿಗೆ ನೋಡುತ್ತಾ ನಿಲ್ಲುವ ತಾಳ್ಮೆ ನಿಮಗಿದೆಯೇ ಎಂಬುದು ತಿಳಿಯುತ್ತದೆ. ಅದು ಹಿಡಿಸದಿದ್ದರೆ ಪದವಿಗೆ ಹಣ ಹಾಕುವ ಮೊದಲೇ ಗೊತ್ತಾದದ್ದು ಲಾಭ.

ಜಿಲ್ಲೆಯೊಳಗೇ ಇದ್ದುಕೊಂಡು ಈ ಓದನ್ನು ಬಳಸಬಹುದಾದ ಕೆಲಸಗಳಿವೆಯೇ?

ಕಾಲೇಜಿನ ಹುದ್ದೆಗಳು ನಮ್ಮ ಜಿಲ್ಲೆಯಲ್ಲಿ ಬೆರಳೆಣಿಕೆಯಷ್ಟು; ಮಂಗಳೂರಿಗೋ ಹುಬ್ಬಳ್ಳಿಗೋ ಹೋಲಿಸುವಂತಿಲ್ಲ. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಜನ ವರ್ಷಗಳಿಂದ ಕೇಳುತ್ತಿರುವುದು ಎಲ್ಲರಿಗೂ ಗೊತ್ತು. ಆಸ್ಪತ್ರೆ ಬೆಳೆಯದೆ ನರ್ಸಿಂಗ್ ಶಿಕ್ಷಣವೂ ಬೆಳೆಯುವುದಿಲ್ಲ, ಏಕೆಂದರೆ ವಿದ್ಯಾರ್ಥಿಗಳ ತರಬೇತಿಗೆ ಹಾಸಿಗೆಗಳು ಬೇಕು. ಕಾರವಾರದ ವೈದ್ಯಕೀಯ ವಿಜ್ಞಾನ ಸಂಸ್ಥೆ ಇರುವುದರಿಂದ ಈಗ ಪರಿಸ್ಥಿತಿ ಮೊದಲಿಗಿಂತ ವಾಸಿ. ಆಸ್ಪತ್ರೆಗಳೊಳಗಿನ ಸಿಬ್ಬಂದಿ ತರಬೇತಿ, ಸೋಂಕು ನಿಯಂತ್ರಣ, ಗುಣಮಟ್ಟ ಮಾನ್ಯತೆಯ ಕೆಲಸ, ಆಶಾ ಕಾರ್ಯಕರ್ತೆಯರ ತರಬೇತಿ ಇವುಗಳಲ್ಲಿ ಪಾಠ ಹೇಳಬಲ್ಲವರಿಗೆ ಕೆಲಸವಿದೆ. ಹುದ್ದೆಯ ಹೆಸರು ಮಾತ್ರ ಅಧ್ಯಾಪಕ ಎಂದಿರುವುದಿಲ್ಲ.

ಅಮೆರಿಕದಲ್ಲಿ ನೆಲೆಸಿದವರಿಗೆ ಈ ಪದವಿಯಿಂದ ಏನು ಸಿಗುತ್ತದೆ?

ಅಲ್ಲಿ ನರ್ಸಿಂಗ್ ಬೋಧಕರ ಕೊರತೆ ಹಳೆಯದು. ಅದಕ್ಕೆ ಮುಖ್ಯ ಕಾರಣವನ್ನೂ ತಿಳಿದಿರಬೇಕು: ಆಸ್ಪತ್ರೆಯಲ್ಲಿ, ಅದರಲ್ಲಿಯೂ ನರ್ಸ್ ಪ್ರಾಕ್ಟೀಷನರ್ ಆಗಿ, ಸಿಗುವ ಸಂಬಳಕ್ಕಿಂತ ಕಾಲೇಜಿನ ಸಂಬಳ ಕಡಿಮೆ. ಬೋಧಕರ ಹುದ್ದೆ ಖಾಲಿ ಇದೆ ಎಂಬುದನ್ನು ಸಂಬಳ ಹೆಚ್ಚಿದೆ ಎಂದು ಓದಿಕೊಳ್ಳಬೇಡಿ. ಎಂ.ಎಸ್.ಎನ್. ಇದ್ದವರು ಸಮುದಾಯ ಕಾಲೇಜುಗಳಲ್ಲಿ, ಕ್ಲಿನಿಕಲ್ ಬೋಧಕರಾಗಿ, ಗೊಂಬೆ–ಯಂತ್ರಗಳ ಮೇಲೆ ಅಭ್ಯಾಸ ಮಾಡಿಸುವ ಸಿಮ್ಯುಲೇಶನ್ ಪ್ರಯೋಗಾಲಯಗಳಲ್ಲಿ, ಆಸ್ಪತ್ರೆಯ ಸಿಬ್ಬಂದಿ ತರಬೇತಿ ವಿಭಾಗದಲ್ಲಿ ಕೆಲಸ ಮಾಡಬಹುದು. ವಿಶ್ವವಿದ್ಯಾಲಯದಲ್ಲಿ ಖಾಯಂ ಪ್ರಾಧ್ಯಾಪಕ ಹುದ್ದೆ ಬೇಕಾದರೆ ಪಿಎಚ್.ಡಿ. ಅಥವಾ ಡಿಎನ್‌ಪಿ (ವೃತ್ತಿಪರ ನರ್ಸಿಂಗ್ ಡಾಕ್ಟರೇಟ್) ಬೇಕಾಗುತ್ತದೆ.

ಕಾರ್ಯಕ್ರಮ ಆರಿಸುವಾಗ ಅಲ್ಲಿ ನರ್ಸಿಂಗ್ ಕಾರ್ಯಕ್ರಮಗಳಿಗೆ ಮಾನ್ಯತೆ ಕೊಡುವ ಸಿಸಿಎನ್‌ಇ, ಎಸಿಇಎನ್ ಅಥವಾ ಎನ್‌ಎಲ್‌ಎನ್ ಸಿಎನ್‌ಇಎ ಸಂಸ್ಥೆಗಳಲ್ಲಿ ಒಂದರ ಮಾನ್ಯತೆ ಇರುವುದನ್ನೇ ನೋಡಿ. ಮುಂದೆ ನ್ಯಾಷನಲ್ ಲೀಗ್ ಫಾರ್ ನರ್ಸಿಂಗ್ ನಡೆಸುವ ಸಿಎನ್‌ಇ (ನರ್ಸಿಂಗ್ ಬೋಧಕರ) ಪ್ರಮಾಣಪತ್ರ ಪರೀಕ್ಷೆಯನ್ನೂ ಬರೆಯಬಹುದು. ಅದು ಐದು ವರ್ಷಕ್ಕೊಮ್ಮೆ ನವೀಕರಿಸಬೇಕಾದದ್ದು, ಎಲ್ಲ ಕಡೆ ಕಡ್ಡಾಯವಲ್ಲ, ಇದ್ದರೆ ಅರ್ಜಿಗೆ ತೂಕ ಬರುತ್ತದೆ.

ಗಲ್ಫ್ ದೇಶಗಳಲ್ಲಿ?

ಅಲ್ಲಿ ಡೇಟಾಫ್ಲೋ ಎಂಬ ದಾಖಲೆ ಪರಿಶೀಲನೆಯಲ್ಲಿ ನಿಮ್ಮ ಪದವಿ, ಅನುಭವ, ನೋಂದಣಿ ಎಲ್ಲವನ್ನೂ ಕೊಟ್ಟ ಸಂಸ್ಥೆಯಿಂದಲೇ ನೇರವಾಗಿ ಕೇಳಿ ಖಚಿತಪಡಿಸಿಕೊಳ್ಳುತ್ತಾರೆ. ಓದಿದ ರೀತಿ ಆನ್‌ಲೈನೋ ರೆಗ್ಯುಲರೋ ಎಂಬುದು ಮುಚ್ಚಿಡುವ ಸಂಗತಿಯಲ್ಲ. ಹಣ ಕಟ್ಟುವ ಮೊದಲು ಆ ದೇಶದ ಆರೋಗ್ಯ ಪ್ರಾಧಿಕಾರಕ್ಕೆ ಬರೆದು ಕೇಳಿ.

ರಾಷ್ಟ್ರೀಯ ಆಯೋಗ ಬಂದರೆ ಈ ನಿಯಮಗಳೆಲ್ಲ ಬದಲಾಗುತ್ತವೆಯೇ?

1947ರ ಭಾರತೀಯ ಶುಶ್ರೂಷಾ ಪರಿಷತ್ ಕಾಯ್ದೆಯ ಜಾಗಕ್ಕೆ ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗ ಕಾಯ್ದೆಯನ್ನು ಸಂಸತ್ತು 2023ರ ಆಗಸ್ಟ್‌ನಲ್ಲಿ ಅಂಗೀಕರಿಸಿದೆ. ಮುಂದೆ ಬದಲಾದೀತು ಎಂಬ ನಿರೀಕ್ಷೆಯಲ್ಲಿ ಇಂದು ಮಾನ್ಯತೆ ಇಲ್ಲದ ಕೋರ್ಸಿಗೆ ಸೇರುವುದು ಜಾಣತನವಲ್ಲ. ನೀವು ಸೇರಿದ ದಿನದ ನಿಯಮವೇ ನಿಮ್ಮ ಪದವಿಗೆ ಆಧಾರ.

ಪಿಎಚ್.ಡಿ. ಮಾಡಬೇಕೆಂದರೆ?

ಐಎನ್‌ಸಿ ಮತ್ತು ರಾಜೀವ್ ಗಾಂಧಿ ವಿಶ್ವವಿದ್ಯಾಲಯದ ಸಹಯೋಗದಲ್ಲಿ ನಡೆಯುತ್ತಿರುವ ರಾಷ್ಟ್ರೀಯ ಒಕ್ಕೂಟದ ಪಿಎಚ್.ಡಿ. ಕಾರ್ಯಕ್ರಮ ಬೆಂಗಳೂರಿನಲ್ಲಿಯೇ ಇದೆ. ಎಂ.ಎಸ್ಸಿ. ನಂತರದ ಮಾತು ಅದು.

ಪದವಿ ಬೇಡ, ಪಾಠ ಹೇಳುವ ಕಲೆಯನ್ನಷ್ಟೇ ಆನ್‌ಲೈನ್‌ನಲ್ಲಿ ಕಲಿಯಬಹುದೇ?

ಧಾರಾಳವಾಗಿ. ಆನ್‌ಲೈನ್ ಓದು ನಿಜಕ್ಕೂ ಸಾರ್ಥಕವಾಗುವುದು ಇಲ್ಲಿ. ಕೇಂದ್ರ ಸರ್ಕಾರದ ಸ್ವಯಂ ವೇದಿಕೆಯಲ್ಲಿ ಬೋಧನಾ ವಿಧಾನ, ಸಂಶೋಧನಾ ವಿಧಾನ, ಸಂಖ್ಯಾಶಾಸ್ತ್ರದ ಕೋರ್ಸುಗಳನ್ನು ಉಚಿತವಾಗಿ ಓದಬಹುದು. ಪ್ರಮಾಣಪತ್ರದ ಪರೀಕ್ಷೆಗೆ ಮಾತ್ರ ಶುಲ್ಕವಿದೆ. ಸಂಖ್ಯಾಶಾಸ್ತ್ರವನ್ನು ಎಂ.ಎಸ್ಸಿ.ಗೆ ಸೇರುವ ಮೊದಲೇ ಹೀಗೆ ಓದಿಕೊಂಡರೆ ಪ್ರಬಂಧ ಬರೆಯುವಾಗ ಅಂಕಿಅಂಶ ಬಿಡಿಸಿಕೊಡಿ ಎಂದು ಹಣ ಕೊಟ್ಟು ಬೇರೆಯವರ ಮನೆಬಾಗಿಲು ಕಾಯುವುದು ತಪ್ಪುತ್ತದೆ. 2021–22ರಿಂದ ಬಿ.ಎಸ್ಸಿ. ನರ್ಸಿಂಗ್ ಎಂಟು ಸೆಮಿಸ್ಟರ್‌ಗಳ ಕ್ರೆಡಿಟ್ ಪದ್ಧತಿಗೆ ಬದಲಾಗಿ ಸಿಮ್ಯುಲೇಶನ್ ಕಲಿಕೆಗೂ ಅದರಲ್ಲಿ ಜಾಗ ಸಿಕ್ಕಿರುವುದರಿಂದ, ಆ ವಿಧಾನವನ್ನು ಅರಿತ ಟ್ಯೂಟರ್‌ಗಳನ್ನು ಕಾಲೇಜುಗಳು ಹುಡುಕುತ್ತಿವೆ.

ನನಗೆ 41 ವರ್ಷ. ಈಗ ಸೇರುವುದು ತಡವಾಯಿತೇ?

ಎಂ.ಎಸ್ಸಿ.ಗೆ ಸೇರಲು ತಡವಲ್ಲ. ಸರ್ಕಾರಿ ಬೋಧಕ ಹುದ್ದೆಯ ನೇಮಕಾತಿಗೆ ವಯೋಮಿತಿ ಇರುವುದರಿಂದ ನಿಮ್ಮ ಪ್ರವರ್ಗಕ್ಕೆ ಅನ್ವಯಿಸುವ ಮಿತಿಯನ್ನು ಇತ್ತೀಚಿನ ಅಧಿಸೂಚನೆಯಲ್ಲಿ ನೋಡಿಕೊಳ್ಳಿ. ಈಗಾಗಲೇ ಸರ್ಕಾರಿ ಸೇವೆಯಲ್ಲಿದ್ದರೆ, ಓದು ಮುಗಿದ ಮೇಲೆ ಎಷ್ಟು ವರ್ಷ ಕಡ್ಡಾಯವಾಗಿ ಸೇವೆ ಸಲ್ಲಿಸಬೇಕೆಂಬ ಮುಚ್ಚಳಿಕೆಯ ಷರತ್ತನ್ನು ನಿವೃತ್ತಿಗೆ ಉಳಿದ ವರ್ಷಗಳ ಜೊತೆ ಹೊಂದಿಸಿ ನೋಡಿ, ಅರ್ಜಿಯನ್ನು ಮೇಲಧಿಕಾರಿಯ ಮೂಲಕವೇ ಕಳಿಸಿ, ಸ್ವೀಕೃತಿಯ ಮೊಹರು ಹಾಕಿಸಿದ ಪ್ರತಿಯನ್ನು ನಿಮ್ಮ ಬಳಿ ಇಟ್ಟುಕೊಳ್ಳಿ.